ಕುಣಿಯದ ಮುಚ್ಚಳ

ಆ ಬೇಸಿಗೆಯಲ್ಲಿ ಅಪ್ಪ, ಮಗಳು ಸೇರಿ ನೋಡಿ ಬೇಡವೆಂದ ಗಾಡಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರೆ ಬಸ್ ಡಿಪೋದ ಅಂಗಳ ತುಂಬಿ ಸಾಲು ರಸ್ತೆಗೂ ಬರುತ್ತಿತ್ತು. ಎಲ್ಲವೂ ಡೀಸೆಲ್, ಎಲ್ಲವೂ ನಾಲ್ಕು ಚಕ್ರಕ್ಕೂ ಎಳೆತ ಇರುವಂಥವು, ಎಲ್ಲವೂ ಯಾರೋ ಓಡಿಸಿ ಬಿಟ್ಟವು. ಒಂದಕ್ಕೆ ಕರಿ ಹೊಗೆ, ಒಂದಕ್ಕೆ ನೀಲಿ ಹೊಗೆ, ಒಂದರ ಹೊಟ್ಟೆಯಡಿ ತುಕ್ಕು, ಇನ್ನೊಂದರ ತುಕ್ಕಿನ ಮೇಲೆ ಹೊಸ ಬಣ್ಣ. ಅಪ್ಪನಿಗೆ ತುಕ್ಕಿಗಿಂತ ಬಣ್ಣದ ಮೇಲೆ ಸಿಟ್ಟು ಹೆಚ್ಚು. "ರೋಗ ಇರೋನನ್ನ ನಂಬಬಹುದು, ಪೌಡರ್ ಹಚ್ಕೊಂಡು ಬಂದಿರೋ ರೋಗಿನ ನಂಬಬಾರದು," ಎನ್ನುತ್ತಿದ್ದ.

ಅಪ್ಪ ಬದುಕೆಲ್ಲ ಬಸ್ ಡಿಪೋದಲ್ಲಿ ಡೀಸೆಲ್ ಮೆಕ್ಯಾನಿಕ್ ಆಗಿದ್ದವನು. ಮಗಳು ಡ್ರೈವಿಂಗ್ ಸ್ಕೂಲಿನಲ್ಲಿ ಪಾಠ ಹೇಳುವವಳು. ದಿನವಿಡೀ ಕಲಿಯುವವರ ಪಕ್ಕ ಕೂತು, ತನ್ನ ಕಾಲಡಿಯ ಎರಡನೇ ಬ್ರೇಕನ್ನು ತುಳಿದು ತುಳಿದು, ಈಗ ಬಸ್ಸಿನಲ್ಲಿ ಕೂತರೂ ಸಿನಿಮಾ ನೋಡಲು ಕೂತರೂ ಅವಳ ಬಲಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು. ಗಾಡಿ ಆರಿಸುವವನು ಅಪ್ಪ, ಓಡಿಸುವವಳು ಮಗಳು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಹೋಗಬೇಕಾದ ದಾರಿ ಬಹಳ ಉದ್ದದ್ದು.

ಆ ದಾರಿ ತಮ್ಮನನ್ನು ಹುಡುಕುವ ದಾರಿ. ತಮ್ಮನೆಂದರೆ ಅವಳ ಬೆನ್ನಿಗೆ ಬಿದ್ದವನು, ಮನೆಯ ಕೊನೆಯ ಕೂಸು, ಉದ್ದುದ್ದ ಪ್ರಯಾಣದ ಹುಚ್ಚು ಹತ್ತಿಸಿಕೊಂಡವನು. ವರ್ಷವಿಡೀ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು, ರಜೆ ಸಿಕ್ಕ ಕೂಡಲೇ ತನ್ನ ಹಳೆಯ ಡೀಸೆಲ್ ಗಾಡಿಗೆ ಹಾಸಿಗೆ, ಸ್ಟವ್, ನೀರಿನ ಕ್ಯಾನು ತುಂಬಿಕೊಂಡು ಟಾರು ಮುಗಿಯುವ ಕಡೆಗೆ ಹೊರಟುಬಿಡುತ್ತಿದ್ದ. ಹೋದ ವರ್ಷ, ಚಳಿ ಬೀಳುವುದಕ್ಕೆ ಸ್ವಲ್ಪ ಮೊದಲು, ಬೆಟ್ಟಗಳಾಚೆಯ ಕಲ್ಲುಬಯಲಿಗೆ ಹೋದವನು ವಾಪಸ್ ಬರಲಿಲ್ಲ. ಗಾಡಿ ಸಿಕ್ಕಿತು. ಬಾನೆಟ್ ಎತ್ತಿ ನಿಲ್ಲಿಸಿತ್ತು, ಬಾಗಿಲು ಹಾಕಿತ್ತು, ಕೀಲಿ ಅಲ್ಲೇ ನೇತಾಡುತ್ತಿತ್ತು. ಅವನಿರಲಿಲ್ಲ. ಹುಡುಕುವ ತಂಡದವರು ಸುತ್ತಮುತ್ತ ನೋಡಿದರು, ಅಷ್ಟರಲ್ಲಿ ಹಿಮ ಬಿತ್ತು, ಇಳಿದು ಬಂದುಬಿಟ್ಟರು. ಹಿಮ ಕರಗಿದ ಮೇಲೆ ಮತ್ತೆ ಹತ್ತುವ ಮನಸ್ಸು ಯಾರಿಗೂ ಇರಲಿಲ್ಲ. ಬಯಲಿನ ಅಂಚಿನ ಊರಿನವರೆಗೆ ಬಸ್ಸಿದೆ, ಅದರಾಚೆಗೆ ಬಾಡಿಗೆಯವರು ಎಷ್ಟು ಬೇಡಿಕೊಂಡರೂ ಬರುವುದಿಲ್ಲ. ಹಾಗಾಗಿ ಸ್ವಂತದ್ದೇ ಒಂದು ಗಾಡಿ ಬೇಕಿತ್ತು. ನಡುದಾರಿಯಲ್ಲಿ ಕೈಕೊಡದ ಗಾಡಿ, ಅದೂ ಮತ್ತೆ ಹಿಮ ಬೀಳುವುದರೊಳಗೆ.

ಅಮ್ಮ ತನ್ನ ಕಡೆಯ ತಯಾರಿ ಎಂದೋ ಮುಗಿಸಿದ್ದಳು. ಬಾಗಿಲ ಪಕ್ಕದ ಚಪ್ಪಲಿ ಗೂಡಿನ ಮೇಲೆ ಅವಳ ಕಂದು ಬ್ಯಾಗು ಜಿಪ್ ಎಳೆದುಕೊಂಡು ಕೂತಿತ್ತು. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಒಳಗೆ ತಮ್ಮನ ಸ್ವೆಟರು, ಅವನಿಗಿಷ್ಟವಾದ ಬಿಸ್ಕತ್ತು, ಕಾಲುಚೀಲ ಇರಬೇಕೆಂದು ಮಗಳು ಅಂದುಕೊಂಡಿದ್ದಳು. ಪಾಪ, ಅಮ್ಮ ಇನ್ನೂ ಆಸೆ ಬಿಟ್ಟಿಲ್ಲ ಎಂದು ಅವಳು ಮರುಗುತ್ತಿದ್ದಳು. ಗಾಡಿ ನೋಡಿ ಬಂದ ಅಪ್ಪ, ಮಗಳು ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಒಂದೇ ಪ್ರಶ್ನೆ ಬರುತ್ತಿತ್ತು: "ಸಿಕ್ತಾ?"

ಗಾಡಿಯೋ, ಮಗನೋ ಎಂದು ಅಮ್ಮ ಬಿಡಿಸಿ ಹೇಳುತ್ತಿರಲಿಲ್ಲ. ಉತ್ತರವಂತೂ ಒಂದೇ ಇರುತ್ತಿತ್ತು.

ಅಪ್ಪನ ಈ ಹಟಕ್ಕೆ ಎಲ್ಲರ ಬಳಿಯೂ ಒಂದು ವಿವರಣೆ ಇತ್ತು. ತಮ್ಮನ ಗಾಡಿಯನ್ನು ಆರಿಸಿ ಕೊಟ್ಟವನೂ ಅಪ್ಪನೇ. ಬೆನ್ನು ತಟ್ಟಿ, "ಕಣ್ಣು ಮುಚ್ಕೊಂಡು ಓಡಿಸು," ಎಂದು ಕಳಿಸಿದ್ದ. ಆ ಗಾಡಿ ಒಂದು ಬೆರಳುದ್ದದ ರಬ್ಬರ್ ಪೈಪು ಸೀಳಿ, ಡೀಸೆಲ್ ಸೋರಿ ನಿಂತಿತ್ತಂತೆ. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ, ಅದರಲ್ಲಿ ತಪ್ಪೇನು ಎಂದು ನೆರೆಹೊರೆಯವರು ಅನ್ನುತ್ತಿದ್ದರು. ಮಗಳೂ ಹಾಗೇ ಅಂದುಕೊಂಡು ಸುಮ್ಮನಿದ್ದಳು.

ಸುಮ್ಮನಿರದವನು ದಲ್ಲಾಳಿ ಒಬ್ಬನೇ. ಅವನ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ, ಮಾತಿಗೊಮ್ಮೆ "ಗ್ಯಾರಂಟಿ" ಎನ್ನುತ್ತಿದ್ದರಿಂದ ಅದೇ ಹೆಸರಾಗಿತ್ತು. ಹೊಸ ಗಾಡಿ ಬಂದಾಗಲೆಲ್ಲ ಫೋನು ಮಾಡಿ, ಜೊತೆಗೆ ಬಂದು, ಅಪ್ಪ ತಲೆಯಾಡಿಸಿದಾಗಲೆಲ್ಲ ಹಣೆ ಚಚ್ಚಿಕೊಳ್ಳುತ್ತಿದ್ದ.

"ಮೇಸ್ತ್ರಿಗಳೇ, ಹುಡುಗೀಗೆ ಗಂಡು ಹುಡುಕಿದ್ರೂ ಇಷ್ಟೊತ್ತಿಗೆ ನಿಮ್ಮ ತೊಡೆ ಮೇಲೆ ಮೊಮ್ಮಗು ಇರ್ತಿತ್ತು, ಗ್ಯಾರಂಟಿ! ಮೊಸರಲ್ಲಿ ಕಲ್ಲು ಹುಡುಕಿದ್ರೆ ಯಾವ ಗಾಡಿ ಸಿಗುತ್ತೆ?"

"ಕಲ್ಲು ಇದ್ರೆ ಸಿಗುತ್ತೆ," ಎನ್ನುತ್ತಿದ್ದ ಅಪ್ಪ.

ಅವನ ಪದ್ಧತಿ ಒಂದು ದಿನವೂ ಬದಲಾಗಲಿಲ್ಲ. ನೋಡಲು ಬರುವ ದಿನ ಬೆಳಗ್ಗೆ ಗಾಡಿ ಚಾಲೂ ಮಾಡಬೇಡಿ ಎಂದು ಮೊದಲೇ ಹೇಳಿ ಕಳಿಸುವುದು. ಬಂದ ಕೂಡಲೇ ಮಾತಿಲ್ಲದೆ ಬಾನೆಟ್ ಮೇಲೆ ಅಂಗೈ ಇಡುವುದು. ಬೆಚ್ಚಗಿದ್ದರೆ ಅಲ್ಲಿಂದಲೇ ವಾಪಸ್. ಕದ್ದು ಬಿಸಿ ಮಾಡಿದ ಇಂಜಿನ್ನು ತನ್ನ ರೋಗ ಬಚ್ಚಿಡುತ್ತದೆ. ತಣ್ಣಗಿದ್ದರೆ ಚಾಲೂ ಮಾಡಿಸಿ ಹೊಗೆ ನೋಡುವುದು. ಆಮೇಲೆ ಅಡಿಗೆ ಮಲಗಿ ತುಕ್ಕು, ಬೆಸುಗೆ, ಸೋರಿಕೆ. ಸಣ್ಣ ಗೇರಿನ ಕೋಲು ಎಳೆದು ನಾಲ್ಕೂ ಚಕ್ರ ತಿರುಗುತ್ತವೆಯೋ ಎಂದು ಒಂದು ಸುತ್ತು. ಎಲ್ಲಕ್ಕಿಂತ ಕೊನೆಗೆ ಮುಚ್ಚಳ.

ಈ ಮುಚ್ಚಳದ ಪರೀಕ್ಷೆಯನ್ನು ಅಪ್ಪ ಮಕ್ಕಳಿಬ್ಬರಿಗೂ ಅಕ್ಷರ ಕಲಿಸುವ ಮೊದಲೇ ಕಲಿಸಿದ್ದ. ಇಂಜಿನ್ ಓಡುತ್ತಿರುವಾಗ ಅದರ ತಲೆಯ ಮೇಲಿನ ಎಣ್ಣೆ ಮುಚ್ಚಳ ಬಿಚ್ಚಿ, ಬೋರಲು ಮಾಡಿ, ಅದೇ ತೂತಿನ ಮೇಲೆ ಸುಮ್ಮನೆ ಇಟ್ಟು ಕೈ ತೆಗೆಯಬೇಕು. ಇಂಜಿನ್ನಿನ ಒಳಗು ಸವೆದಿದ್ದರೆ ಗಾಳಿ ಕೆಳಗಿನಿಂದ ನುಗ್ಗಿ ಮುಚ್ಚಳ ತಟಪಟ ಕುಣಿಯುತ್ತದೆ, ಹಾರಿ ಬೀಳುವುದೂ ಉಂಟು. ಗಟ್ಟಿಯಾಗಿದ್ದರೆ ಇಟ್ಟಲ್ಲೇ ಕೂತಿರುತ್ತದೆ. "ಬಾಯಿ ಸುಳ್ಳು ಹೇಳುತ್ತೆ, ಮೀಟರ್ ಸುಳ್ಳು ಹೇಳುತ್ತೆ, ಮುಚ್ಚಳ ಹೇಳಲ್ಲ," ಎನ್ನುವುದು ಅಪ್ಪನ ವೇದವಾಕ್ಯ.

ಬೇಸಿಗೆ ಮುಗಿಯುತ್ತ ಬಂದಾಗ ದನದ ಡಾಕ್ಟರಮ್ಮನ ಗಾಡಿ ಬಂತು. ಹಳ್ಳಿಹಳ್ಳಿ ಸುತ್ತಿ ಹಸು ಕರು ನೋಡುತ್ತಿದ್ದ ಹೆಂಗಸು; ಮಂಡಿ ಹೋಗಿ ಕ್ಲಚ್ ತುಳಿಯಲಾರದೆ ಮಾರಲು ಹೊರಟಿದ್ದರು. ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಬೂದು ಬಣ್ಣದ, ಅಲ್ಲಲ್ಲಿ ಗೀರುಬಿದ್ದ ಗಾಡಿ ನಿಂತಿತ್ತು. ಗೀರನ್ನು ಯಾರೂ ಮುಚ್ಚಿರಲಿಲ್ಲ. ಹಿಂದಿನ ಸೀಟಿನಲ್ಲಿ ಇನ್ನೂ ಒಂದಿಷ್ಟು ಹುಲ್ಲು, ಔಷಧಿಯ ವಾಸನೆ.

ಅಪ್ಪ ಬಾನೆಟ್ ಮೇಲೆ ಕೈಯಿಟ್ಟ. ತಣ್ಣಗಿತ್ತು.

"ನಾನೂ ಹಿಂಗೇ," ಎಂದರು ಡಾಕ್ಟರಮ್ಮ ನಗುತ್ತ. "ಹಸು ನೋಡೋಕೆ ಹೋದ್ರೆ ಯಜಮಾನರ ಮಾತು ಕೇಳಲ್ಲ. ಮೊದಲು ಮೂಗು ಮುಟ್ಟಿ ನೋಡ್ತೀನಿ."

ಅಪ್ಪ ನಕ್ಕ. ಅವನು ನಕ್ಕು ಎಷ್ಟು ಕಾಲವಾಗಿತ್ತೆಂದು ಮಗಳಿಗೆ ನೆನಪೇ ಇರಲಿಲ್ಲ. ಕೀಲಿ ತಿರುಗಿಸಿದ ಕೂಡಲೇ ಇಂಜಿನ್ ಗುರ್ರೆಂದಿತು. ಹೊಗೆ ಇಲ್ಲ. ಅಪ್ಪ ಗೋಣಿಚೀಲ ಹಾಸಿಕೊಂಡು ಅಡಿಗೆ ಹೋದ. ಟಾರ್ಚಿನ ಬೆಳಕು ಅಲ್ಲಿ ಇಲ್ಲಿ ಓಡಾಡಿತು, ಇಕ್ಕಳದ ಹಿಡಿಯಿಂದ ಟಣ್ ಟಣ್ ಎಂದು ಬಡಿದ ಸದ್ದು ಬಂತು. ಎದ್ದು ಬಂದು ಬಟ್ಟೆಚೂರಿನಲ್ಲಿ ಕೈ ಒರೆಸಿದ, ಒರೆಸಿದ, ಒರೆಸುತ್ತಲೇ ಇದ್ದ. ಹೇಳಲು ಅವನ ಬಳಿ ಒಂದು ದೋಷವೂ ಇರಲಿಲ್ಲ. ಮಗಳು ಸಣ್ಣ ಗೇರು ಹಾಕಿ ಮನೆಯ ಹಿಂದಿನ ಕಲ್ಲುಗುಡ್ಡೆ ಹತ್ತಿಸಿ ಇಳಿಸಿದಳು. ಗಾಡಿ ಎತ್ತಿನಂತೆ ನಿಧಾನಕ್ಕೆ, ಅಳುಕದೆ ಹತ್ತಿತು. ಸಿಕ್ಕಿತು, ಕೊನೆಗೂ ಸಿಕ್ಕಿತು ಎಂದು ಅವಳು ಸ್ಟೀರಿಂಗನ್ನು ಮೆಲ್ಲಗೆ ತಟ್ಟಿದಳು. ಅಮ್ಮನಿಗೆ ಇವತ್ತು ಬೇರೆ ಉತ್ತರ ಕೊಡಬಹುದಿತ್ತು.

ಇನ್ನು ಮುಚ್ಚಳ ಒಂದೇ. ಬೇರೆ ದಿನಗಳಲ್ಲಿ ಅವಳು ಸೀಟಿನಲ್ಲೇ ಕೂತು ಮೀಟರ್ ನೋಡುತ್ತಿದ್ದಳು, ಎತ್ತಿದ ಬಾನೆಟ್ ಅಡ್ಡ ಬಂದು ಅಪ್ಪನ ಕೈ ಕಾಣುತ್ತಿರಲಿಲ್ಲ. ಅವತ್ತು ಸಂತೋಷ ತಡೆಯಲಾರದೆ ಇಂಜಿನ್ ಓಡುತ್ತಿರುವಂತೆಯೇ ಇಳಿದು ಬಂದು ಅವನ ಬೆನ್ನ ಹಿಂದೆ ನಿಂತಳು. ಅಪ್ಪ ಮುಚ್ಚಳ ಬೋರಲು ಮಾಡಿ ಇಟ್ಟು ಕೈ ತೆಗೆದ. ಅದು ಕೂತಿತು. ಒಲೆ ಪಕ್ಕದ ಬೆಕ್ಕಿನಂತೆ ತೆಪ್ಪಗೆ ಕೂತಿತು.

"ಕುಣೀತು," ಎಂದ ಅಪ್ಪ. "ಬೇಡ."



"ಎಲ್ಲಿ ಕುಣೀತು?" ಡಾಕ್ಟರಮ್ಮನ ನಗು ಹೋಗಿತ್ತು. "ನಾನು ಇಲ್ಲೇ ನಿಂತಿದ್ದೀನಲ್ಲ?"

"ನಿಮಗೆ ಅದು ಗೊತ್ತಾಗಲ್ಲ ಡಾಕ್ಟ್ರೇ."

ಜೊತೆಗೆ ಬಂದಿದ್ದ ಗ್ಯಾರಂಟಿಗೆ ತಡೆಯಲಾಗಲಿಲ್ಲ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ನೆಟ್ಟಗಿದೆ, ಮುಚ್ಚಳ ತೆಪ್ಪಗಿದೆ, ಕುಣೀತಿರೋರು ಮೇಸ್ತ್ರಿಗಳು ಒಬ್ರೇ! ನೀನೇ ಹೇಳಮ್ಮ, ಕುಣೀತಾ?"

ಎಲ್ಲರೂ ಮಗಳತ್ತ ನೋಡಿದರು. ಅಪ್ಪ ಮಾತ್ರ ನೋಡಲಿಲ್ಲ. ಅವನು ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡುತ್ತಿದ್ದ.

"ಅಪ್ಪ ಹೇಳಿದ ಮೇಲೆ ಕುಣಿದಿರುತ್ತೆ," ಎಂದಳು ಅವಳು. ಹೇಳಿ ತನ್ನ ನಾಲಿಗೆಯನ್ನು ತಾನೇ ಶಪಿಸಿಕೊಂಡಳು.

ವಾಪಸ್ ಬರುವ ಬಸ್ಸಿನಲ್ಲಿ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ಅವಳ ಬಲಗಾಲು ನೆಲ ಒತ್ತುತ್ತಲೇ ಇತ್ತು.

"ಅಪ್ಪ, ಮುಚ್ಚಳ ಕುಣೀಲಿಲ್ಲ."

"ಗೊತ್ತು."

"ಹೋದ ವಾರದ್ದು?"

"ಅದೂ ಕುಣೀಲಿಲ್ಲ."

"ಅದಕ್ಕೂ ಮೊದಲಿನದು? ಆ ಹಸಿರು ಗಾಡಿ?"

"ಅದಕ್ಕೆ ನಿಜವಾಗ್ಲೂ ನೀಲಿ ಹೊಗೆ ಇತ್ತು!" ಅಪ್ಪನ ದನಿಯಲ್ಲಿ ಮೆಕ್ಯಾನಿಕ್ಕಿನ ರೋಷ ಎದ್ದು, ಹಾಗೇ ಅಡಗಿತು.

ಅವಳಿಗೆ ಸಿಟ್ಟು ನೆತ್ತಿಗೇರಿತು. ಬೇಸಿಗೆಯೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗಾಡಿ ಹುಡುಕಿದ್ದು ಯಾರಿಗಾಗಿ? ಮನೆಯಲ್ಲಿ ಒಬ್ಬಳು ಬಾಗಿಲು ಕಾಯುತ್ತ ಕೂತಿದ್ದಾಳೆ. ಅಲ್ಲಿ ಕಲ್ಲುಬಯಲಿನಲ್ಲಿ ಒಬ್ಬ... ಮುಂದಿನದನ್ನು ಯೋಚಿಸಲು ಅವಳಿಂದಲೂ ಆಗಲಿಲ್ಲ. ಅಪ್ಪ ಅವಳ ಸಿಟ್ಟು ಇಳಿಯಲೆಂದು ಕಾದು, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದ:

"ಡಿಪೋದಲ್ಲಿ ಬಾನೆಟ್ ಎತ್ತಿರೋ ಬಸ್ಸಿನ ಹತ್ರ ಯಾರೂ ಇಲ್ಲ ಅಂದ್ರೆ ಏನಂತಿದ್ವಿ, ನೆನಪಿದ್ಯಾ?"

ನೆನಪಿತ್ತು. ಚಿಕ್ಕವಳಿದ್ದಾಗ ಊಟದ ಡಬ್ಬಿ ಹಿಡಿದು ಹೋಗಿ ಅಪ್ಪ ಎಲ್ಲಿ ಎಂದು ಕೇಳಿದರೆ, ಅವನು ಟೀ ಕುಡಿಯಲು ಹೋಗಿದ್ದರೂ, ಎಲ್ಲೋ ಮೂಲೆಯಲ್ಲಿ ಗೊರಕೆ ಹೊಡೆಯುತ್ತಿದ್ದರೂ, ಜೊತೆಯವರ ಉತ್ತರ ಒಂದೇ: "ಸಾಮಾನು ತರೋಕೆ ಹೋಗಿದ್ದಾನೆ, ಬರ್ತಾನೆ." ಬಾನೆಟ್ ಇಳಿಸಿದ್ದರೆ ಕೆಲಸ ಮುಗಿದು ಆಳು ಹೋದ ಎಂದರ್ಥ. ಎತ್ತಿದ್ದರೆ ಬಂದೇ ಬರುತ್ತಾನೆ ಎಂದು ಲೆಕ್ಕ. ತಮ್ಮನೂ ಅದೇ ಅಂಗಳದಲ್ಲಿ ಆಡಿ ಬೆಳೆದವನು.

"ಅವನು ಬಾನೆಟ್ ಎತ್ತಿಟ್ಟು ಹೋಗಿದ್ದಾನೆ," ಎಂದ ಅಪ್ಪ. "ಪೈಪು ತರೋಕೆ ಹೋಗಿದ್ದಾನೆ. ನಾವು ಹೋಗಿ ನೋಡೋತನಕ ಅಷ್ಟೇ ಮಗಳೇ. ಅವನು ಸಾಮಾನು ತರೋಕೆ ಹೋಗಿರೋನು. ಹೋಗಿ ನೋಡಿದ ಮೇಲೆ ಏನಂತ ಹೇಳ್ಲಿ ನಾನು?"

ಅವಳ ಸಿಟ್ಟು ಇದ್ದ ಜಾಗದಲ್ಲಿ ಈಗ ಬರೀ ಸಂಕಟ.

"ನಿಮ್ಮಮ್ಮನಿಗೆ ಹೇಳ್ಬೇಡ. ಅವಳು ಬ್ಯಾಗ್ ಕಟ್ಟಿಟ್ಟು ಕಾಯ್ತಿದ್ದಾಳೆ. ಮಗ ಬರ್ತಾನೆ ಅಂತಲೇ ಜೀವ ಹಿಡ್ಕೊಂಡಿದ್ದಾಳೆ. ತಡಕೊಳ್ಳಲ್ಲ."

ಮನೆ ಮುಟ್ಟಿದಾಗ ಪ್ರಶ್ನೆ ತನ್ನ ಜಾಗದಲ್ಲೇ ಇತ್ತು. "ಸಿಕ್ತಾ?"

"ಇಲ್ಲಮ್ಮ," ಎಂದಳು ಮಗಳು. "ಮುಚ್ಚಳ ಕುಣೀತು."

ಅಪ್ಪ ಸ್ನಾನಕ್ಕೆ ಹೋದ. ಅಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ಮಗಳ ಮುಖವನ್ನೇ ನೋಡಿದಳು. ಅಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಆಯಾ ಆಗಿದ್ದವಳು. ಸುಳ್ಳು ಹೇಳುವ ಮುಖಗಳನ್ನು ಅವಳಷ್ಟು ನೋಡಿದವರು ಕಡಿಮೆ.

"ಊರಲ್ಲಿರೋ ಎಲ್ಲಾ ಗಾಡಿಗೂ ಒಟ್ಟಿಗೇ ರೋಗ ಬರುತ್ತೇನೇ?"

ಮಗಳು ಒಂದು ಬಟಾಣಿ ಕಾಯಿ ಎತ್ತಿಕೊಂಡು ಸುಲಿಯತೊಡಗಿದಳು.

"ನಿಮ್ಮಪ್ಪನಿಗೆ ಹೋಗೋಕೆ ಮನಸ್ಸಿಲ್ಲ. ನನಗೆ ಯಾವತ್ತೋ ಗೊತ್ತು."

"ಅಮ್ಮ, ನೀನು ಬೇಜಾರು ಮಾಡ್ಕೋಬೇಡ," ಎಂದಳು ಮಗಳು ಗಾಬರಿಯಾಗಿ. "ಅವನ ಸ್ವೆಟರ್ ಎಲ್ಲಾ ಇಟ್ಕೊಂಡು ಕಾಯ್ತಿದ್ದೀಯ..."

"ಸ್ವೆಟರಾ?"

ಅಮ್ಮ ಎದ್ದು ಹೋಗಿ ಬ್ಯಾಗು ತಂದು ಮೇಜಿನ ಮೇಲಿಟ್ಟು ಜಿಪ್ ಎಳೆದಳು. ಸ್ವೆಟರು ಇರಲಿಲ್ಲ. ಬಿಸ್ಕತ್ತೂ ಇರಲಿಲ್ಲ. ತೊಳೆದು ಇಸ್ತ್ರಿ ಮಾಡಿದ ಬಿಳಿ ದುಪ್ಪಟಿ ಇತ್ತು, ಅಗಲವಾದ ಹತ್ತಿಯ ಪಟ್ಟಿಗಳಿದ್ದವು, ಎರಡು ಜೊತೆ ರಬ್ಬರ್ ಕೈಗವಸುಗಳಿದ್ದವು, ಒಂದು ಬಾಚಣಿಗೆ ಇತ್ತು.

ಮಗಳು ಮೇಜಿನ ಅಂಚು ಹಿಡಿದುಕೊಂಡಳು.

"ಯಾರ್ಯಾರ ಮಕ್ಕಳನ್ನೋ ಈ ಕೈಯಲ್ಲಿ ಒರೆಸಿ, ತಲೆ ಬಾಚಿ, ಸುತ್ತಿ ಕಳಿಸಿದ್ದೀನಿ," ಎಂದಳು ಅಮ್ಮ. ದನಿ ಏರಲಿಲ್ಲ, ಕಣ್ಣೂ ತುಂಬಲಿಲ್ಲ. "ನನ್ನ ಮಗ ಯಾರೂ ಸುತ್ತೋರಿಲ್ಲದೆ ಬಯಲಲ್ಲಿ ಬಿದ್ದಿದ್ದಾನೆ. ಒಂದು ಚಳಿಗಾಲ ಕಳೀತು. ಇನ್ನೊಂದು ಚಳಿಗಾಲ ನಾನು ಬಿಡಲ್ಲ." ದುಪ್ಪಟಿಯ ಮಡಿಕೆಯನ್ನು ಅಂಗೈಯಿಂದ ಸವರಿ ಜಿಪ್ ಹಾಕಿದಳು. "ಅಪ್ಪನಿಗೆ ಹೇಳ್ಬೇಡ. ಅವರು ತಡಕೊಳ್ಳಲ್ಲ."

ಸ್ನಾನದ ಮನೆಯಲ್ಲಿ ನೀರು ಸುರಿಯುವ ಸದ್ದು ಬರುತ್ತಿತ್ತು. ಒಬ್ಬರಿಗೊಬ್ಬರು ಹೇಳಬೇಡ, ತಡಕೊಳ್ಳಲ್ಲ ಎಂದು ಇಬ್ಬರೂ ಅವಳ ಬಾಯಿಗೆ ಬೀಗ ಹಾಕಿದ್ದರು, ಕೀಲಿ ಮಾತ್ರ ಅವಳ ಕೈಯಲ್ಲೇ ಬಿಟ್ಟಿದ್ದರು. ಅವಳು ಯಾರಿಗೂ ಏನನ್ನೂ ಹೇಳಲಿಲ್ಲ. ಅಂಗಳಕ್ಕೆ ಹೋಗಿ ಡಾಕ್ಟರಮ್ಮನಿಗೆ ಫೋನು ಮಾಡಿ, ಕ್ಷಮೆ ಕೇಳಿ, "ನಾಳೆ ಬೆಳಗ್ಗೆ ಗಾಡಿ ಚಾಲೂ ಮಾಡಬೇಡಿ," ಎಂದಳು.

ಮರುದಿನ ಗಾಡಿ ನೋಡಲು ಬಾ ಎಂದು ಮಗಳು ಕರೆದು, ಅಪ್ಪ ಚಪ್ಪಲಿ ಮೆಟ್ಟುವಾಗ ಅಮ್ಮ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಬಂದಳು. "ನಾನೂ ಬರ್ತೀನಿ," ಎಂದಳು. ಅಪ್ಪ ಬ್ಯಾಗನ್ನು ನೋಡಿದ, ಮಗಳನ್ನು ನೋಡಿದ. ಬಸ್ಸಿನಲ್ಲಿ ಮೂವರೂ ಅಪರಿಚಿತರಂತೆ ಕೂತಿದ್ದರು. ಡಾಕ್ಟರಮ್ಮ ಬಾಗಿಲು ತೆರೆದವರು ಅಮ್ಮನ ಮುಖ ಕಂಡು, ಏನೋ ಅರ್ಥವಾದವರಂತೆ ಶೆಡ್ಡಿನ ಕೀಲಿ ಕೊಟ್ಟು ಒಳಗೆ ಹೋದರು.

ಮಗಳು ಇಂಜಿನ್ ಚಾಲೂ ಮಾಡಿ, ಬಾನೆಟ್ ಎತ್ತಿ ನಿಲ್ಲಿಸಿದಳು. "ಅಪ್ಪ, ಮುಚ್ಚಳ ನೀನೇ ಇಡು."

ಅಪ್ಪ ಮುಚ್ಚಳ ಬಿಚ್ಚಿ, ಬೋರಲು ಮಾಡಿ ಇಟ್ಟ. ಕೈ ಮಾತ್ರ ತೆಗೆಯಲಿಲ್ಲ. ಅವನ ಬೆರಳಡಿಯಲ್ಲಿ ಮುಚ್ಚಳ ತಟಪಟ ಎಂದಿತು.

"ಕುಣೀತಿದೆ," ಎಂದ. "ನೋಡು, ಕುಣೀತಿದೆ."

ಅಮ್ಮ ಹತ್ತಿರ ಹೋದಳು. ಅವನ ಮಣಿಕಟ್ಟು ಹಿಡಿದು, ವಾರ್ಡಿನಲ್ಲಿ ರೋಗಿಯ ಕೈಯನ್ನು ಹಾಸಿಗೆಯ ಕಂಬಿಯಿಂದ ಬಿಡಿಸುತ್ತಿದ್ದಂತೆ, ಒಂದೊಂದೇ ಬೆರಳು ಬಿಡಿಸಿ ಆ ಕೈಯನ್ನು ಮುಚ್ಚಳದಿಂದ ಎತ್ತಿದಳು. ಕೈ ಗಾಳಿಯಲ್ಲೂ ನಡುಗುತ್ತಿತ್ತು. ಮುಚ್ಚಳ ಅಲುಗಲಿಲ್ಲ.

ಮೂವರೂ ಅದನ್ನೇ ನೋಡುತ್ತ ನಿಂತರು. ಅಮ್ಮ ಅವನ ಕೈ ಬಿಡದೆ, ದಿನಾ ಕೇಳುತ್ತಿದ್ದ ದನಿಯಲ್ಲೇ ಕೇಳಿದಳು:

"ಸಿಕ್ತಾ?"

ಅಪ್ಪ ಗಾಡಿಯನ್ನು ನೋಡಲಿಲ್ಲ, ಅವಳ ಹೆಗಲ ಮೇಲಿನ ಬ್ಯಾಗನ್ನು ನೋಡುತ್ತಿದ್ದ.

"ಸಿಕ್ತು," ಎಂದ.

ಮಗಳು ಇಂಜಿನ್ ಆರಿಸಿದಳು. ಅಪ್ಪ ಮುಚ್ಚಳ ತಿರುಗಿಸಿ ಬಿಗಿ ಮಾಡಿದ, ಬಟ್ಟೆಚೂರಿನಿಂದ ಸುತ್ತ ಒರೆಸಿದ. ಡಿಪೋದಲ್ಲಿ ಬಾನೆಟ್ಟನ್ನು ದಢಾರನೆ ಬೀಳಿಸುವುದು ಅವನ ಅಭ್ಯಾಸ. ಅವತ್ತು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಇಳಿಸಿದ, ಬೀಗ ಕೂರುವ ತನಕ ಒತ್ತಿದ, ಕೂತ ಮೇಲೂ ಕೈ ತೆಗೆಯದೆ ಹಾಗೇ ನಿಂತಿದ್ದ.